ಬೀಗರೂಟದ ಬಾಟ್ಲಿ ಲೆಕ್ಕ

ನಮ್ಮ ಕೇರಿಗಳಲ್ಲಿ ಮದುವೆ ಗೊತ್ತಾದ ಕೂಡಲೇ ಒಂದು ಪಟ್ಟಿ ಹುಟ್ಟುತ್ತದೆ. ಅಕ್ಕಿ ಇಷ್ಟು ಮೂಟೆ, ಬೇಳೆ ಇಷ್ಟು ಕೆ.ಜಿ., ಚಪ್ಪರಕ್ಕೆ ಇಷ್ಟು, ವಾಲಗದವರಿಗೆ ಇಷ್ಟು. ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂದೊಂದು ಸಾಲು. ಆ ಇತರೆ ಏನೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ಅದು ಧಾರೆಯ ದಿನ ಹೊರಗೆ ಬರುವುದಿಲ್ಲ. ಬೀಗರೂಟದ ದಿನ ಬಾಡಿನ ಜೊತೆ ಬರುತ್ತದೆ.

ಈ ಪಟ್ಟಿ ಬರೆಯುವ ಕೈ ಯಾರದು? ಹಾಸ್ಟೆಲಿನಿಂದ ರಜಕ್ಕೆ ಬಂದ ಹುಡುಗನದು. “ಅಕ್ಸರ ಕಲ್ತವ್ನೆ, ನೀನೇ ಬರಿ ಮಗ” ಅಂತಾರೆ. ಗೆಳೆಯರೇ, ಅದು ನಮ್ಮ ಕೈ. ಆದ್ದರಿಂದಲೇ ಈ ಮಾತನ್ನು ಊರಿನ ಹಿರಿಯರಿಗಲ್ಲ, ನಿಮಗೆ ಹೇಳುತ್ತಿದ್ದೇವೆ.

‘ಇತರೆ’ಯನ್ನು ಬಿಡಿಸಿ ನೋಡೋಣ. ಸಾಧಾರಣ ಬೀಗರೂಟ, ಕುಡಿಯುವ ಗಂಡಸರು ಇನ್ನೂರು ಎಂದು ಹಿಡಿಯಿರಿ. ಒಂದೊಂದು ಕ್ವಾರ್ಟರ್‌ಗೆ ಎದ್ದುಹೋಗುವ ಬೀಗ ಇನ್ನೂ ಹುಟ್ಟಿಲ್ಲ. ತಲೆಗೆ ಒಂದೂವರೆ ಎಂದರೂ ಮುನ್ನೂರು ಕ್ವಾರ್ಟರ್. ಪೆಟ್ಟಿಗೆಗೆ 48ರಂತೆ ಆರು ಪೆಟ್ಟಿಗೆ ಮುಗಿದು ಏಳನೆಯದನ್ನು ಒಡೆಯಬೇಕು. ತೀರಾ ಅಗ್ಗದ್ದು ಇಟ್ಟರೆ ಮರ್ಯಾದೆ ಹೋಗುತ್ತದಲ್ಲ, ಅದಕ್ಕೆ ಕ್ವಾರ್ಟರ್‌ಗೆ ಇನ್ನೂರು ರೂಪಾಯಿ ಹಾಕಿ. 60,000 ಆಯಿತು. ಹುಡುಗರಿಗೆ ಬಿಯರ್ ಬೇಕು. ಹನ್ನೆರಡರ ಪೆಟ್ಟಿಗೆ ಹತ್ತು, ಬಾಟ್ಲಿಗೆ 170 ಎಂದರೆ 20,400. ಒಟ್ಟು 80,400. ಸೋಡಾ, ಲೋಟ, ಕಬಾಬು, ಕಡ್ಲೆಬೀಜ ಇನ್ನೂ ಸೇರಿಸಿಲ್ಲ. ಕುಡಿದವರು ಒಡೆದ ಕುರ್ಚಿಯನ್ನೂ ಸೇರಿಸಿಲ್ಲ.

2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 80,400ಕ್ಕೆ 217 ದಿನ ಮಣ್ಣು ಅಗೆಯಬೇಕು. ಮನೆಗೆ ವರ್ಷಕ್ಕೆ ನೂರು ದಿನ ಎಂದರೆ ಎರಡು ವರ್ಷ ಅಗೆದು ಮೂರನೇ ವರ್ಷವೂ ಗುದ್ದಲಿ ಹಿಡಿಯಬೇಕು. ಅದೂ ನಡುವೆ ಉಣ್ಣದೆ, ಉಡದೆ, ಕಾಯಿಲೆ ಬೀಳದೆ. ಕುಡಿದು ಮುಗಿಸುವುದಕ್ಕೆ ಒಂದು ಸಂಜೆ ಸಾಕು.

ಕೈಯಲ್ಲಿ ದುಡ್ಡಿದ್ದು ಹೀಗೆ ಮಾಡುತ್ತಾರೆಯೇ? ಇಲ್ಲ. ಸಾಲ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯೆಂದರೆ ಎಂಬತ್ತು ಸಾವಿರಕ್ಕೆ ತಿಂಗಳಿಗೆ ನಾಲ್ಕು ಸಾವಿರ. ವರ್ಷಕ್ಕೆ ನಲವತ್ತೆಂಟು ಸಾವಿರ ಕಟ್ಟಿದರೂ ಅಸಲು ಗೂಟದ ಹಾಗೆ ಅಲ್ಲೇ ನಿಂತಿರುತ್ತದೆ. ನಮ್ಮ ತಾತಂದಿರು ಜೀತಕ್ಕೆ ಬಿದ್ದದ್ದು ಯಾತಕ್ಕೆ ಎಂದು ಮನೆಯಲ್ಲಿ ಕೇಳಿ ನೋಡಿ. ಬಹಳ ಮನೆಗಳಲ್ಲಿ ಒಂದೇ ಉತ್ತರ: “ಮದ್ವೆ ಸಾಲಕ್ಕೆ ಕಣಪ್ಪ.” 1976ರಲ್ಲಿ ಜೀತ ರದ್ದಾಯಿತು. ಸಾಲ ರದ್ದಾಗಲಿಲ್ಲ, ಸಾಲ ಕೊಡುವವನ ವೇಷ ಬದಲಾಯಿತು. ಆಗ ಗೌಡನ ಜಗಲಿ, ಈಗ ವಾರ ವಾರ ಬಾಗಿಲಿಗೆ ಬರುವ ಫೈನಾನ್ಸಿನ ಬೈಕು. ಆ ಬೈಕಿನವರ ಕಾಟ ತಾಳಲಾರದೆ ಜನ ಊರು ಬಿಟ್ಟರು, ಪ್ರಾಣ ಬಿಟ್ಟರು. ಅದಾದ ಮೇಲೆ 2025ರಲ್ಲಿ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಕಾನೂನು ತಂದಿತು.

ಇದರಲ್ಲಿ ಇನ್ನೊಂದು ಮೋಸವಿದೆ. ಗುಂಪು ಸಾಲ ಸಿಗುವುದು ಹೆಂಗಸರ ಹೆಸರಿಗೆ. ಸಹಿ ಅವ್ವನದು, ಆಧಾರ್ ಕಾರ್ಡು ಅವ್ವನದು, ವಾರದ ಕಂತು ಅವ್ವನದು. ಬಾಟ್ಲಿ ಮಾತ್ರ ಗಂಡಸರ ಕೈಯಲ್ಲಿ. ಆ ಸಂಜೆ ಅವಳು ಒಲೆಯ ಮುಂದೆ ಹೊಗೆ ಕುಡಿಯುತ್ತಿರುತ್ತಾಳೆ. ಮದುವೆ ಪಟ್ಟಿಯಲ್ಲಿ ಅವಳ ಹೆಸರಿಗೆ ಏನಿದೆ? ಒಂದು ಸೀರೆ. ಅದೂ ಬೀಗರು ತಂದರೆ ಉಂಟು.

ಇಷ್ಟೆಲ್ಲ ಯಾಕೆ ಎಂದರೆ “ಮರ್ವಾದೆ ಪ್ರಶ್ನೆ” ಅಂತಾರೆ. ಯಾರ ಮುಂದೆ ಮರ್ಯಾದೆ? ನಮ್ಮ ಕಡೆಯ ಹಲವು ಮದುವೆಗಳಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಊರ ಗೌಡರನ್ನು ಕರೆಯುತ್ತೇವೆ. ಬರುತ್ತಾರೆ. ಚಪ್ಪರದ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. “ಊಟ ಮಾಡ್ರಪ್ಪಾ” ಎಂದರೆ “ಈಗ ತಾನೆ ಆಯ್ತು ಕಣಪ್ಪ, ಹೊಟ್ಟೆ ಸರಿ ಇಲ್ಲ” ಅನ್ನುತ್ತಾರೆ. ನಮ್ಮ ಅನ್ನಕ್ಕೆ ಹೊಟ್ಟೆ ಸರಿ ಇಲ್ಲದವರು ಸೀಲು ಒಡೆಯದ ಬಾಟ್ಲಿಯನ್ನು ಟವಲಿನಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಬಾಟ್ಲಿಗೆ ಮೈಲಿಗೆ ಇಲ್ಲ! ಅವ್ವ ಬೇಯಿಸಿದ ಅನ್ನಕ್ಕೆ ಇರುವ ಮೈಲಿಗೆ ಡಿಸ್ಟಿಲರಿ ಬೇಯಿಸಿದ್ದಕ್ಕೆ ಇಲ್ಲ. ನಮ್ಮ ಉಪ್ಪು ಮುಟ್ಟದವನಿಗೆ ಒಳ್ಳೆಯ ಬ್ರಾಂಡು ಕೊಡುವುದಕ್ಕೆಂದು ನಾವು ಬಡ್ಡಿಗೆ ದುಡ್ಡು ತರುತ್ತೇವೆ. ಮರುದಿನ ಅದೇ ಮನುಷ್ಯ ಟೀ ಅಂಗಡಿಯಲ್ಲಿ ಕೂತು “ಈ ಜನಕ್ಕೆ ಸರ್ಕಾರ ಎಷ್ಟು ಕೊಟ್ಟರೇನು, ಕುಡಿದೇ ಹಾಳಾಗ್ತಾರೆ” ಎಂದು ಉಪದೇಶ ಮಾಡುತ್ತಾನೆ. ಕುಡಿದು ಹಾಳಾಗುವುದು ನಮಗೆ ಜಾತಿಯ ಗುಣ, ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಅವರ ಕುಲದ ರಿಸೆಪ್ಷನ್ನಿನಲ್ಲಿ ಹರಿಯುವುದು ಸಂಸ್ಕೃತಿ.

ಕೆಲವು ಗೆಳೆಯರು ಕೇಳಬಹುದು: ನೀವೂ ಮಡಿಯವರಾದಿರಾ? ದುಡಿದು ಬಳಲಿದ ಮೈ ಒಂದು ದಿನ ಕುಡಿಯಬಾರದೇ? ಹಿಂದೆ ವೀಳ್ಯಕ್ಕೆ, ಒಪ್ಪಂದಕ್ಕೆ ಕುಲದವರೆಲ್ಲ ಹೆಂಡ ಕುಡಿಯುತ್ತಿರಲಿಲ್ಲವೇ? ಕುಡಿಯುತ್ತಿದ್ದರು. ಈಚಲ ಮರದ ಹೆಂಡ, ಮಡಕೆಯಲ್ಲಿ. ಆ ಮಡಕೆಗೆ ಸುಂಕದ ಚೀಟಿ ಅಂಟಿಸಿದ ಮೇಲೆ ಅದು ನಮ್ಮ ಆಚಾರವಾಗಿ ಉಳಿಯಲಿಲ್ಲ, ಸರ್ಕಾರದ ಆದಾಯವಾಯಿತು. ಕುಡಿತ ಪಾಪವೋ ಪುಣ್ಯವೋ ಎಂಬ ಪುರಾಣ ನಮಗೆ ಬೇಡ. ಕುಡಿಯುವವನು ತನ್ನ ಜೇಬಿನಿಂದ ಕುಡಿಯಲಿ. ಹೆಣ್ಣು ಹೆತ್ತವನ ಬೆನ್ನ ಮೇಲೆ, ಗಂಡು ಹೆತ್ತವನ ಬೆನ್ನ ಮೇಲೆ ಬಲವಂತದ ಲೆಕ್ಕ ಬರೆಯುವುದು ನಿಲ್ಲಲಿ. ನಮ್ಮ ಜಗಳ ಇಷ್ಟೇ.

ಪೊಲೀಸರನ್ನು ಬಿಟ್ಟು ನಿಲ್ಲಿಸಿ ಎಂದೂ ನಾವು ಕೇಳುತ್ತಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, ಮರುವರ್ಷವೇ ಬೆಂಗಳೂರು, ಕೋಲಾರ, ಹೊಸೂರಿನ ಕಡೆ ಕಳ್ಳಬಟ್ಟಿಗೆ ಮತ್ತೆ ನೂರಕ್ಕೂ ಹೆಚ್ಚು ಹೆಣ ಬಿದ್ದವು. ಸತ್ತವರೆಲ್ಲ ಕೂಲಿಗಳು, ಕೊಳೆಗೇರಿಯವರು. ಬಾಬಾಸಾಹೇಬರು ಇದನ್ನು ಮೊದಲೇ ಕಂಡಿದ್ದರು. 1951ರ ಪರಿಶಿಷ್ಟ ಜಾತಿ ಫೆಡರೇಶನ್ನಿನ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ಸಿನ ಪಾನನಿಷೇಧವನ್ನು ವಿರೋಧಿಸಿದರು. ಅದೇ ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ನಮ್ಮ ತಾಯಂದಿರಿಗೆ ಹೇಳಿದ್ದೇನು? ಕುಡಿದು ಬಂದ ಗಂಡನಿಗೂ ಮಗನಿಗೂ ಅನ್ನ ಹಾಕಬೇಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಎಂದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಜನರಿಂದ ಮಾಡಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಲಾಠಿಯಿಂದ ಬಿಡಿಸುವುದು ಬೇರೆ, ನಾವೇ ಬಿಡುವುದು ಬೇರೆ. ಅವರಿಗೆ ಎರಡರ ವ್ಯತ್ಯಾಸ ಗೊತ್ತಿತ್ತು.

ಇನ್ನು ಸರ್ಕಾರ. ಸಂವಿಧಾನದ 46ನೇ ವಿಧಿ ಪರಿಶಿಷ್ಟರ ಶಿಕ್ಷಣ ನೋಡಿಕೋ ಎನ್ನುತ್ತದೆ. ಅದರ ಪಕ್ಕದ 47ನೆಯದು ಮಾದಕ ಪಾನೀಯ ನಿಲ್ಲಿಸಲು ಯತ್ನಿಸು ಎನ್ನುತ್ತದೆ. ಎರಡನ್ನೂ ಓದಿರುವ ಸರ್ಕಾರ 2003ರಿಂದ ಮದ್ಯದ ಸಗಟು ವ್ಯಾಪಾರವನ್ನು ತನ್ನದೇ ನಿಗಮದ ಕೈಯಲ್ಲಿ ಇಟ್ಟುಕೊಂಡಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಎತ್ತಬೇಕೆಂದಿದ್ದು 40,000 ಕೋಟಿ. ಅದೇ ಬಜೆಟ್ಟಿನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಬರೆದದ್ದು 42,018 ಕೋಟಿ, ಅದರಲ್ಲೂ ಸಾವಿರಾರು ಕೋಟಿ ಗ್ಯಾರಂಟಿಗಳ ಕಡೆ ತಿರುಗಿತು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆ ನಲವತ್ತು ಸಾವಿರ ಕೋಟಿಯನ್ನೆಲ್ಲ ನಮ್ಮವರೇ ಕುಡಿದು ತುಂಬುತ್ತಾರೆ ಎಂದಲ್ಲ, ದೊಡ್ಡವರ ಕುಡಿತ ದೊಡ್ಡದೇ ಇದೆ. ಆದರೆ ಅವರು ಕುಡಿದರೆ ಅವರ ಮಕ್ಕಳ ಶಾಲೆ ನಿಲ್ಲುವುದಿಲ್ಲ. ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಎಂದು ನಮ್ಮ ಹಿರಿಯರು ಎಂಬತ್ತರ ದಶಕದಲ್ಲಿ ಬೀದಿಯಲ್ಲಿ ಕೂಗಿದ್ದು ಇದೇ ಲೆಕ್ಕಕ್ಕೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಹೆಂಗಸರು ಕಾಲ್ನಡಿಗೆಯಲ್ಲಿ ಬಂದದ್ದೂ ಇದೇ ಲೆಕ್ಕಕ್ಕೆ. ಅವರ ಕಾಲಿನ ಬೊಬ್ಬೆ ವಿಧಾನಸೌಧಕ್ಕೆ ಕಾಣಲಿಲ್ಲ.

ಈಗ ನಮ್ಮೊಳಗಿನ ಮಾತು. ಕೇರಿಯ ಕೂಲಿಯವನಿಗೆ ಈ ರೇಟು ಕಟ್ಟಿದವರು ಯಾರು? ಅವನೇ ಕಟ್ಟಿಕೊಳ್ಳಲಿಲ್ಲ. ನೌಕರಿ ಹಿಡಿದು ಮೇಲೆ ಹೋದ ನಮ್ಮ ಅಣ್ಣಂದಿರು ಕಟ್ಟಿದರು. ಪಟ್ಟಣದ ಛತ್ರದಲ್ಲಿ ರಿಸೆಪ್ಷನ್ನು, ಬಾಬಾಸಾಹೇಬರ ದೊಡ್ಡ ಫೋಟೋ ವೇದಿಕೆಯ ಮೇಲೆ, ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಟ್ಟಲೆ ಸರಕು. ಆಫೀಸಿನ ಸಾಹೇಬರು ಬರುತ್ತಾರಂತೆ! ಅದನ್ನು ನೋಡಿ ಬಂದ ಊರಿನ ತಮ್ಮ ಮಗನ ಮದುವೆಗೆ ಅರ್ಧ ಎಕರೆ ಅಡವಿಡುತ್ತಾನೆ. ಆ ಭೂಮಿ ದರಖಾಸ್ತಿನಲ್ಲಿ ಬಂದದ್ದು, ಅದಕ್ಕಾಗಿ ಅವನಪ್ಪ ತಾಲ್ಲೂಕು ಕಚೇರಿಗೆ ಎಷ್ಟು ಜೊತೆ ಚಪ್ಪಲಿ ಸವೆಸಿದ್ದನೋ. ಹಾಸ್ಟೆಲಿನ ನಮ್ಮ ಹುಡುಗರೂ ಕಮ್ಮಿಯಿಲ್ಲ. ಗೆಳೆಯನ ಮದುವೆ ಎಂದರೆ ಮೊದಲ ಪ್ರಶ್ನೆ “ಎಣ್ಣೆ ಐತೇನ್ಲಾ?” ಹುಡುಗಿ ಏನು ಓದಿದ್ದಾಳೆ ಎಂಬುದು ಆಮೇಲೆ, ಕೇಳಿದರೆ.

1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಮುಗಿಸಿದರು. ಅನಂತರ ನಮ್ಮ ಚಳವಳಿಯ ಎಷ್ಟೋ ಜೋಡಿಗಳು ಹಾಗೇ ಸರಳವಾಗಿ ಮದುವೆಯಾದವು. ಅವರ ಸಂಸಾರ ಮುರಿದುಬೀಳಲಿಲ್ಲ, ಬೀಗರು ಹಸಿದು ಸಾಯಲಿಲ್ಲ. ಬಾಡೂಟ ಬೇಕೆಂದರೆ ಇರಲಿ. ಊಟ ಹಾಕುವುದು ನಮ್ಮ ಜನರ ಪ್ರೀತಿ, ಅದನ್ನು ಕಿತ್ತುಕೊಳ್ಳಲು ನಾವು ಬಂದಿಲ್ಲ.

ಮುಂದಿನ ರಜದಲ್ಲಿ ಊರಿಗೆ ಹೋದಾಗ ಯಾರಾದರೂ ಪಟ್ಟಿ ಬರೆಯಲು ಕರೆದರೆ ಹೋಗಿ ಬರೆಯಿರಿ. ಆದರೆ ‘ಇತರೆ’ ಎಂದು ಬರೆಯಬೇಡಿ. ಕ್ವಾರ್ಟರ್ ಎಷ್ಟು, ಬಿಯರ್ ಎಷ್ಟು, ದರ ಎಷ್ಟು, ಸಾಲ ಯಾರ ಹೆಸರಲ್ಲಿ, ತಿಂಗಳ ಬಡ್ಡಿ ಎಷ್ಟು, ಎಲ್ಲವನ್ನೂ ಬಿಡಿಸಿ ಬರೆದು, ಹೆಂಗಸರೂ ಕೂತಿರುವಾಗ ಗಟ್ಟಿಯಾಗಿ ಓದಿ. ಅವ್ವ ಏನನ್ನುತ್ತಾಳೆ ಕೇಳಿ. ಆ ಪಟ್ಟಿಯ ಒಂದು ನಕಲನ್ನು, ಮನೆಯವರ ಹೆಸರು ತೆಗೆದು, ಮುಂದಿನ ಸಭೆಗೆ ತನ್ನಿ. ಎಲ್ಲವನ್ನೂ ಕೂಡಿ ಹಾಕೋಣ.