ಭೂಪಟದಲ್ಲಿಲ್ಲದ ಊರಿನ ಮೇಲೆ ಬಾಂಬು!

2015ರ ಡಿಸೆಂಬರ್‌ನಲ್ಲಿ ಅಮೇರಿಕದ ಒಂದು ಸಮೀಕ್ಷಾ ಸಂಸ್ಥೆಯು ಅಲ್ಲಿನ ಮತದಾರರ ಮುಂದೆ ಒಂದು ಪ್ರಶ್ನೆಯನ್ನಿಟ್ಟಿತು: ಅಗ್ರಬಾದ ಮೇಲೆ ಬಾಂಬ್ ದಾಳಿ ನಡೆಸುವುದನ್ನು ನೀವು ಬೆಂಬಲಿಸುವಿರಾ? ರಿಪಬ್ಲಿಕನ್ ಪಕ್ಷದ ಮತದಾರರಲ್ಲಿ ಶೇ. 30 ಮಂದಿ ಹೌದೆಂದರು. ಡೆಮಾಕ್ರಟಿಕ್ ಪಕ್ಷದವರಲ್ಲಿಯೂ ಶೇ. 19 ಮಂದಿ ಹೌದೆಂದರು. ಅಗ್ರಬಾ ಎಂಬ ಊರು ಈ ಭೂಮಿಯ ಮೇಲೆಲ್ಲೂ ಇಲ್ಲ! ಅದು ಡಿಸ್ನಿ ಕಂಪೆನಿಯು 1992ರಲ್ಲಿ ತೆರೆಗೆ ತಂದ ‘ಅಲ್ಲಾದೀನ್’ ಎಂಬ ಮಕ್ಕಳ ಚಿತ್ರದ ಕಲ್ಪಿತ ನಗರ. ಹೆಸರು ಅರಬೀ ಭಾಷೆಯದ್ದೆಂಬಂತೆ ಕೇಳಿಸಿತು, ಅಷ್ಟೇ ಸಾಕಾಯಿತು.

ಇಂತಹ ಸುದ್ದಿಗಳನ್ನು ನಾವು ಚಹಾದ ಬಟ್ಟಲಿನೊಂದಿಗೆ ಹಂಚಿಕೊಂಡು ನಗುತ್ತೇವೆ. ಜಗತ್ತಿನ ಅತ್ಯಂತ ಶ್ರೀಮಂತ ದೇಶದ ಪ್ರಜೆಗಳು ಇಷ್ಟು ಅಜ್ಞಾನಿಗಳೇ ಎಂದು ಹುಬ್ಬೇರಿಸುತ್ತೇವೆ. ಆದರೆ ಇದು ನಗುವ ವಿಷಯವೇ ಎಂಬುದು ನಮ್ಮ ಪ್ರಶ್ನೆ.

2002ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಸಂಸ್ಥೆಯು ಒಂಬತ್ತು ದೇಶಗಳ 18ರಿಂದ 24 ವರ್ಷದೊಳಗಿನ ಯುವಜನರ ಭೂಗೋಳ ಜ್ಞಾನವನ್ನು ಪರೀಕ್ಷಿಸಿತು. ಅಮೇರಿಕದ ಯುವಕರಲ್ಲಿ ಇರಾಕನ್ನು ಭೂಪಟದಲ್ಲಿ ಗುರುತಿಸಬಲ್ಲವರು ಶೇ. 13 ಮಂದಿ ಮಾತ್ರ. ತಮ್ಮದೇ ಸೈನ್ಯವು ಕಾದಾಡುತ್ತಿದ್ದ ಅಫ್ಘಾನಿಸ್ತಾನವನ್ನು ಗುರುತಿಸಿದವರು ಶೇ. 17. ಮರುವರ್ಷ ಇರಾಕ್ ಮೇಲೆ ಯುದ್ಧ ಆರಂಭವಾಯಿತು. 2003ರ ಸೆಪ್ಟೆಂಬರ್‌ನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪ್ರಕಟಿಸಿದ ಜನಾಭಿಪ್ರಾಯದ ಪ್ರಕಾರ ಶೇ. 69 ಅಮೇರಿಕನ್ನರು, ಸೆಪ್ಟೆಂಬರ್ 11ರ ದಾಳಿಯಲ್ಲಿ ಸದ್ದಾಮ್ ಹುಸೇನರ ಕೈವಾಡವಿರುವ ಸಾಧ್ಯತೆಯಿದೆ ಎಂದು ನಂಬಿದ್ದರು. ಅದಕ್ಕೆ ಯಾವ ಪುರಾವೆಯೂ ಇರಲಿಲ್ಲ. ಮೂರು ವರ್ಷಗಳ ಯುದ್ಧದ ನಂತರ, 2006ರಲ್ಲಿ ಅದೇ ಸಂಸ್ಥೆಯು ಮತ್ತೊಮ್ಮೆ ಪರೀಕ್ಷೆ ನಡೆಸಿದಾಗಲೂ ಶೇ. 63 ಯುವಕರಿಗೆ ಇರಾಕ್ ಎಲ್ಲಿದೆಯೆಂಬುದು ತಿಳಿದಿರಲಿಲ್ಲ.

2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಾಗ ಮೂವರು ರಾಜ್ಯಶಾಸ್ತ್ರಜ್ಞರು 2,066 ಅಮೇರಿಕನ್ನರಿಗೆ ಭೂಪಟವನ್ನು ತೋರಿಸಿ ಉಕ್ರೇನನ್ನು ಗುರುತಿಸಲು ಹೇಳಿದರು. ಸರಿಯಾಗಿ ಗುರುತಿಸಿದವರು ಆರರಲ್ಲಿ ಒಬ್ಬರು. ಉಕ್ರೇನ್ ಇರುವ ಸ್ಥಳದಿಂದ ಯಾರ ಬೆರಳು ಹೆಚ್ಚು ದೂರ ಸರಿದಿತ್ತೋ, ಅವರೇ ಸೈನಿಕ ಹಸ್ತಕ್ಷೇಪವನ್ನು ಹೆಚ್ಚು ಬಯಸಿದ್ದರು! ಅಜ್ಞಾನವು ಮನುಷ್ಯನನ್ನು ಅಂಜಿಸುತ್ತದೆ ಎಂದು ನಾವು ಭಾವಿಸಿದ್ದೆವು. ವಾಸ್ತವದಲ್ಲಿ ಅದು ಅವನಿಗೆ ಧೈರ್ಯವನ್ನು ತುಂಬುತ್ತದೆ. ಬಾಂಬು ಬೀಳುವುದು ಇನ್ನಾರದೋ ಮನೆಯ ಮೇಲಾದರೆ ಆ ಧೈರ್ಯಕ್ಕೆ ಬೆಲೆ ತೆರಬೇಕಾದವರೂ ಇನ್ನಾರೋ.

ನೆರೆಯ ಕೆನಡಾದ ಜನರಿಗೆ ಇದೆಲ್ಲವೂ ಬಹುಕಾಲ ವಿನೋದದ ವಸ್ತುವಾಗಿತ್ತು. ಅಲ್ಲಿನ ಹಾಸ್ಯಗಾರ ರಿಕ್ ಮರ್ಸರ್ ಅಮೇರಿಕದ ಬೀದಿಗಳಲ್ಲಿ ಮೈಕು ಹಿಡಿದು ನಿಂತು, ಕೆನಡಾದ ಕುರಿತು ಶುದ್ಧ ಸುಳ್ಳುಗಳನ್ನು ಹೇಳಿ ಜನರಿಂದ ಅಭಿನಂದನೆಗಳನ್ನು ಪಡೆಯುತ್ತಿದ್ದರು. ಕೆನಡಾದ ಸಂಸತ್ ಭವನವು ಹಿಮದ ಗುಡಿಸಲು ಎಂದರೂ ನಂಬುವವರಿದ್ದರು. 2000ದ ಚುನಾವಣಾ ಪ್ರಚಾರದ ವೇಳೆ ಅವರು ಜಾರ್ಜ್ ಬುಷ್‌ರ ಬಳಿ ಹೋಗಿ, ‘ನಮ್ಮ ಪ್ರಧಾನಿ ಜಾನ್ ಪುಟೀನ್ ನಿಮಗೆ ಬೆಂಬಲ ಸೂಚಿಸಿದ್ದಾರೆ’ ಎಂದರು. ಬುಷ್ ಸಂತೋಷ ವ್ಯಕ್ತಪಡಿಸಿದರು. ಪ್ರಧಾನಿಯ ಹೆಸರು ಜಾನ್ ಕ್ರೆಟಿಯೆನ್. ‘ಪುಟೀನ್’ ಎಂಬುದು ಕ್ವಿಬೆಕ್ ಪ್ರಾಂತದ, ಕರಿದ ಆಲೂಗಡ್ಡೆ ಮತ್ತು ಗಿಣ್ಣಿನ ತಿಂಡಿ! 2001ರ ಏಪ್ರಿಲ್‌ನಲ್ಲಿ ಪ್ರಸಾರವಾದ ಈ ಕಾರ್ಯಕ್ರಮದ ವಿಶೇಷ ಸಂಚಿಕೆಯನ್ನು 27 ಲಕ್ಷ ಕೆನಡಿಯನ್ನರು ನೋಡಿ ನಕ್ಕರು. ತಿಂಡಿಯ ಹೆಸರಿಗೆ ಧನ್ಯವಾದ ಹೇಳಿದ ಅದೇ ಬುಷ್ ಮೂರು ವರ್ಷಗಳ ನಂತರ ಇರಾಕಿಗೆ ಸೈನ್ಯವನ್ನು ಕಳುಹಿಸಿದರು.

ಆದರೆ ನಕ್ಕವರ ಸ್ಥಿತಿ ಹೇಗಿತ್ತು? 2002ರ ಭೂಗೋಳ ಪರೀಕ್ಷೆಯಲ್ಲಿ ಕೆನಡಾದ ಯುವಕರೂ ಕೆಳಗಿನ ಸಾಲಿನಲ್ಲೇ ಇದ್ದರು, ಅಮೇರಿಕನ್ನರಿಗಿಂತ ಸ್ವಲ್ಪವೇ ಮೇಲೆ. ಅದಕ್ಕಿಂತಲೂ ಗಂಭೀರವಾದ ಅಜ್ಞಾನವೊಂದು ಅವರ ಮನೆಯೊಳಗೇ ಇತ್ತು. ಕೆನಡಾದ ಸರಕಾರವು ಚರ್ಚುಗಳ ಸಹಯೋಗದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ವಸತಿ ಶಾಲೆಗಳನ್ನು ನಡೆಸಿತ್ತು. 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಅಲ್ಲಿ ಇರಿಸಲಾಯಿತು. ಮಾತೃಭಾಷೆಯಲ್ಲಿ ಮಾತನಾಡಿದ ಮಗುವಿಗೆ ಶಿಕ್ಷೆಯಿತ್ತು. ಸಾವಿರಾರು ಮಕ್ಕಳು ಮರಳಿ ಮನೆ ಸೇರಲಿಲ್ಲ. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದ ಉತ್ತರಾರ್ಧದಲ್ಲಿ. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. 2015ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗವು 94 ಶಿಫಾರಸುಗಳನ್ನು ಮುಂದಿಟ್ಟಿತು. ಈ ಇತಿಹಾಸವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂಬುದು ಅವುಗಳಲ್ಲೊಂದು. ಕಲಿಸಬೇಕೆಂದು ಆಯೋಗವೇ ಹೇಳಬೇಕಾಯಿತೆಂದರೆ ಅಲ್ಲಿಯವರೆಗೆ ಎಷ್ಟು ಕಲಿಸಲಾಗಿತ್ತು ಎಂಬುದನ್ನು ಓದುಗರೇ ಊಹಿಸಬಹುದು.

ಹಾಗಾದರೆ ಇವು ಜ್ಞಾನಕ್ಕೆ ಬೆಲೆ ಕೊಡದ ದೇಶಗಳೇ? ಖಂಡಿತ ಅಲ್ಲ. ವಿಪರ್ಯಾಸವಿರುವುದೇ ಇಲ್ಲಿ. ಅಮೇರಿಕವು ಪಿಎಲ್-480 ಯೋಜನೆಯಡಿ ನಮಗೆ ಗೋಧಿ ಮಾರಿದ್ದನ್ನು ನಮ್ಮ ಹಿರಿಯರು ಬಲ್ಲರು. ಆ ಗೋಧಿಯ ಬೆಲೆಯಾಗಿ ಭಾರತದಲ್ಲಿ ಸಂಗ್ರಹವಾದ ರೂಪಾಯಿಗಳಿಂದ, 1962ರಿಂದ ಅಲ್ಲಿನ ಸಂಸತ್ ಗ್ರಂಥಾಲಯವು ಭಾರತೀಯ ಭಾಷೆಗಳ ಪುಸ್ತಕಗಳನ್ನು ಖರೀದಿಸಿ ತನ್ನ ದೇಶದ ವಿಶ್ವವಿದ್ಯಾನಿಲಯಗಳಿಗೆ ಹಂಚಿತು. ಕನ್ನಡ ಪುಸ್ತಕಗಳೂ ಹೀಗೆ ಸಮುದ್ರ ದಾಟಿದವು. ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಮೂರು ದಶಕಗಳ ಕಾಲ ಪಾಠ ಹೇಳಿದರು. ಅವರು ಇಂಗ್ಲಿಷಿಗೆ ತಂದ ವಚನಗಳು 1973ರಲ್ಲಿ ಪ್ರಕಟವಾದವು. ಬಸವಣ್ಣನವರನ್ನು ಓದಿದ ಪ್ರಾಧ್ಯಾಪಕರಿರುವ ಊರಿನಲ್ಲೇ ಭಾರತವೆಲ್ಲಿದೆಯೆಂದು ತಿಳಿಯದ ಅಂಗಡಿಯವನೂ ಇರಬಹುದು.

ಇನ್ನೊಂದು ನಿದರ್ಶನವನ್ನು ನೋಡಿ. 2006ರಲ್ಲಿ ಕೀತ್ ಎಲಿಸನ್ ಅಮೇರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಮರಾದರು. ಅವರು ಕುರ್‌ಆನಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡುವೆನೆಂದಾಗ ಗದ್ದಲವೆದ್ದಿತು. ವರ್ಜೀನಿಯದ ಸಂಸದರೊಬ್ಬರು, ವಲಸೆಯನ್ನು ತಡೆಯದಿದ್ದರೆ ಇಂಥವರು ಇನ್ನಷ್ಟು ಮಂದಿ ಆರಿಸಿ ಬರುವರೆಂದು ಎಚ್ಚರಿಸಿದರು. ಎಲಿಸನ್ ವಲಸಿಗರಲ್ಲ, ಡೆಟ್ರಾಯಿಟ್‌ನಲ್ಲಿ ಹುಟ್ಟಿದವರು. 2007ರ ಜನವರಿಯಲ್ಲಿ ಅವರು ಪ್ರಮಾಣಕ್ಕೆ ಬಳಸಿದ್ದು ಅದೇ ವರ್ಜೀನಿಯದ ಥಾಮಸ್ ಜೆಫರ್ಸನ್ 1765ರಲ್ಲಿ ಕೊಂಡಿದ್ದ ಕುರ್‌ಆನ್ ಅನುವಾದದ ಪ್ರತಿಯನ್ನು. ದೇಶದ ಸ್ಥಾಪಕರೊಬ್ಬರು ಓದಿದ ಗ್ರಂಥವು ಸಂಸತ್ತಿನ ಗ್ರಂಥಾಲಯದಲ್ಲೇ ಇತ್ತು, ಸಂಸದರಿಗೆ ಮಾತ್ರ ಅದು ಪರಕೀಯವಾಗಿತ್ತು!

ಇದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಅಮೇರಿಕದ ಎರಡು ಬದಿಗಳಲ್ಲಿ ಮಹಾಸಾಗರಗಳಿವೆ, ನೆರೆಯ ದೇಶಗಳು ಎರಡೇ. ಅಲ್ಲಿನ ಶಾಲೆಗಳು ಸುಮಾರು 13 ಸಾವಿರ ಸ್ಥಳೀಯ ಶಾಲಾ ಜಿಲ್ಲೆಗಳ ಅಧೀನದಲ್ಲಿವೆ, ಇಡೀ ದೇಶಕ್ಕೆ ಒಂದೇ ಪಠ್ಯಕ್ರಮವೆಂಬುದಿಲ್ಲ. ಶೀತಲ ಸಮರ ಮುಗಿದ ಮೇಲೆ ಟಿ.ವಿ. ಚಾನೆಲ್‌ಗಳು ಖರ್ಚು ಉಳಿಸಲು ವಿದೇಶಗಳ ವರದಿ ಕೇಂದ್ರಗಳನ್ನು ಒಂದೊಂದಾಗಿ ಮುಚ್ಚಿದವು. ಎಲ್ಲಕ್ಕಿಂತ ಮಿಗಿಲಾಗಿ, ಬಲಿಷ್ಠನಿಗೆ ದುರ್ಬಲನ ಹೆಸರು ತಿಳಿಯಬೇಕಾದ ಅಗತ್ಯ ಬೀಳುವುದಿಲ್ಲ. ಕೆನಡಾದ ಪ್ರಧಾನಿ ಪಿಯರೆ ಟ್ರುಡೊ 1969ರಲ್ಲಿ ವಾಷಿಂಗ್ಟನ್‌ನಲ್ಲಿ ಮಾತನಾಡುತ್ತಾ, ಅಮೇರಿಕದ ಪಕ್ಕದಲ್ಲಿ ಬದುಕುವುದನ್ನು ಆನೆಯ ಪಕ್ಕದಲ್ಲಿ ಮಲಗುವುದಕ್ಕೆ ಹೋಲಿಸಿದ್ದರು. ಆನೆಯ ಒಂದೊಂದು ಮಿಸುಕಾಟವೂ ಪಕ್ಕದವನಿಗೆ ತಿಳಿಯುತ್ತದೆ. ಆನೆಗೆ ಪಕ್ಕದಲ್ಲಿ ಯಾರಿದ್ದಾರೆಂಬ ಚಿಂತೆಯಿಲ್ಲ. ಆದರೆ ಕೆನಡಾವೂ ತನ್ನ ಮೂಲನಿವಾಸಿಗಳ ಪಾಲಿಗೆ ಆನೆಯೇ ಆಗಿತ್ತು.

ಈ ಅಜ್ಞಾನವು ಬೀದಿಗಿಳಿದಾಗ ಯಾರ ಗುರುತನ್ನೂ ಕೇಳುವುದಿಲ್ಲ. 2001ರ ಸೆಪ್ಟೆಂಬರ್ 15ರಂದು ಅರಿಜೋನಾದಲ್ಲಿ ಬಲ್ಬೀರ್ ಸಿಂಗ್ ಸೋಧಿಯವರ ಮುಂಡಾಸನ್ನು ನೋಡಿ ಅರಬನೆಂದು ಬಗೆದು ಗುಂಡಿಕ್ಕಲಾಯಿತು. 2017ರಲ್ಲಿ ಕಾನ್ಸಾಸ್‌ನಲ್ಲಿ ಹೈದರಾಬಾದಿನ ಇಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ಇರಾನೀಯನೆಂದು ತಿಳಿದು ಕೊಲ್ಲಲಾಯಿತು. ಅರಬನೋ ಇರಾನೀಯನೋ ಆಗಿದ್ದರೆ ಕೊಲೆಯು ನ್ಯಾಯವಾಗುತ್ತಿತ್ತೇ? ಆದರೆ ಅಂದು ಕೊಲೆಗಾರನನ್ನು ತಡೆಯಲು ಮುನ್ನುಗ್ಗಿ ಗುಂಡೇಟು ತಿಂದ ಇಯಾನ್ ಗ್ರಿಲಟ್ ಕೂಡ ಬಿಳಿಯ ಅಮೇರಿಕನ್ನರೇ. 2003ರ ಫೆಬ್ರವರಿ 15ರಂದು ನ್ಯೂಯಾರ್ಕ್‌ನ ಕೊರೆಯುವ ಚಳಿಯಲ್ಲಿ ಇರಾಕ್ ಯುದ್ಧವನ್ನು ವಿರೋಧಿಸಿ ನಿಂತ ಲಕ್ಷಾಂತರ ಮಂದಿಯೂ ಅಮೇರಿಕನ್ನರೇ. ಇವರನ್ನು ಮರೆತು ‘ಅಮೇರಿಕದವರೆಲ್ಲ ಹೀಗೆಯೇ’ ಎಂದರೆ ಅಗ್ರಬಾದ ಮೇಲೆ ಬಾಂಬು ಹಾಕಬಯಸಿದವರಿಗೂ ನಮಗೂ ವ್ಯತ್ಯಾಸವೇನು?

ನಮ್ಮನ್ನೂ ಒಮ್ಮೆ ಪರೀಕ್ಷಿಸಿಕೊಳ್ಳೋಣ. ನಮ್ಮ ಪಟ್ಟಣಗಳ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಡಲ್ಲಾಸ್‌ನಲ್ಲೂ ಟೊರಾಂಟೋದಲ್ಲೂ ಇದ್ದಾರೆ. ಮಗನ ಸಂಬಳವನ್ನು ಡಾಲರ್‌ನಿಂದ ರೂಪಾಯಿಗೆ ಪರಿವರ್ತಿಸಲು ಬಲ್ಲ ನಮಗೆ ಕೆನಡಾದ ರಾಜಧಾನಿ ಟೊರಾಂಟೋ ಅಲ್ಲ, ಒಟ್ಟಾವಾ ಎಂಬುದು ತಿಳಿದಿದೆಯೇ? ಅದಿರಲಿ, ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಓದದೆಯೇ ಮುಂದಕ್ಕೆ ಕಳುಹಿಸುವಾಗ, ಪಕ್ಕದ ಬೀದಿಯ ಜನರ ಹಬ್ಬ, ಆಹಾರ, ನಂಬಿಕೆಗಳ ಕುರಿತು ಕೇಳಿದ್ದನ್ನೆಲ್ಲ ನಿಜವೆಂದು ಆಡುವಾಗ ನಾವು ಯಾರ ಸಾಲಿನಲ್ಲಿ ನಿಂತಿರುತ್ತೇವೆ?

ಅಗ್ರಬಾದ ಸಮೀಕ್ಷೆಯಲ್ಲಿ ಒಂದು ಅಂಶವನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಎರಡೂ ಪಕ್ಷಗಳಲ್ಲಿ ಅತಿ ದೊಡ್ಡ ಗುಂಪು ‘ಖಚಿತವಾಗಿ ಹೇಳಲಾರೆವು’ ಎಂದವರದ್ದಾಗಿತ್ತು. ‘ನನಗೆ ತಿಳಿಯದು’ ಎನ್ನುವುದು ಅರ್ಧ ವಿದ್ಯೆ ಎಂದು ಹಿಂದಿನ ಅರಬ್ ವಿದ್ವಾಂಸರು ಹೇಳುತ್ತಿದ್ದರು. ಉಳಿದ ಅರ್ಧವನ್ನು ಕೇಳಿ, ಓದಿ, ವಿಚಾರಿಸಿ ಗಳಿಸಬೇಕು. ನಮ್ಮ ಮನೆಗಳ ಗೋಡೆಯ ಮೇಲೆ ಕ್ಯಾಲೆಂಡರ್‌ನ ಪಕ್ಕದಲ್ಲಿ ಒಂದು ಭೂಪಟಕ್ಕೂ ಜಾಗವಿರಲಿ. ಯಾವುದಾದರೊಂದು ನಾಡಿನ ಬಗ್ಗೆ ತೀರ್ಪು ನೀಡಲು ಬಾಯಿ ತೆರೆಯುವ ಮುನ್ನ ಅದು ಎಲ್ಲಿದೆಯೆಂದು ಮಕ್ಕಳೊಂದಿಗೆ ನಾವೂ ಒಮ್ಮೆ ಹುಡುಕಿ ನೋಡೋಣ.