ಒಡೆದ ದನಿಯ ಉಪೇಕ್ಷೆ

ಹೋಟೆಲಿನ ಉದ್ಯೋಗದಲ್ಲಿ ಕೈಕಾಲುಗಳಷ್ಟೇ ಅಲ್ಲ, ಗಂಟಲೂ ದುಡಿಯುತ್ತದೆ. ಗಿರಾಕಿಗಳ ಗದ್ದಲವನ್ನು ಮೀರಿ ಅಡಿಗೆಮನೆಗೆ ಕೇಳುವಂತೆ ಆರ್ಡರು ಕೂಗುವ ಸಪ್ಲಾಯರು, ಒಗ್ಗರಣೆಯ ಘಾಟಿನಲ್ಲಿ ನಿಂತು ಮರುಕೂಗು ಕೊಡುವ ಅಡಿಗೆಭಟ್ಟರು, ಇವರಲ್ಲಿ ಐವತ್ತು ದಾಟಿದ ಎಷ್ಟೋ ಮಂದಿಯ ದನಿ ಒಡೆದಿರುತ್ತದೆ. ಕೂಗಿ ಕೂಗಿ ಹೀಗಾಯಿತೆಂದು ಅವರೂ ಹೇಳುತ್ತಾರೆ, ಕೇಳಿದವರೂ ಒಪ್ಪುತ್ತಾರೆ. ಕಚೇರಿಯ ಗುಮಾಸ್ತರಾದರೆ ವಯಸ್ಸಿನ ಮೇಲೋ ನಗರದ ಹವೆಯ ಮೇಲೋ ತಪ್ಪು ಹೊರಿಸಿ, ಕಲ್ಲುಸಕ್ಕರೆಯನ್ನೋ ಜ್ಯೇಷ್ಠಮಧುವನ್ನೋ ಬಾಯಲ್ಲಿರಿಸಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. ಈ ಸಮಾಧಾನವೇ ಅಪಾಯಕರವಾದುದೆಂದು ನಾವು ಹೇಳಬಯಸುತ್ತೇವೆ.

ಯಾರನ್ನೂ ಹೆದರಿಸುವುದು ನಮ್ಮ ಉದ್ದೇಶವಲ್ಲ. ಹೆಚ್ಚಿನವರಲ್ಲಿ ಕಾರಣ ಸಾಮಾನ್ಯವಾದುದೇ ಆಗಿರುತ್ತದೆ. ನೆಗಡಿಯೊಡನೆ ಕಟ್ಟಿದ ಗಂಟಲು ಸಾಧಾರಣವಾಗಿ ಎರಡು ವಾರಗಳೊಳಗೆ ತಾನಾಗಿ ಬಿಡುತ್ತದೆ. ಮುಪ್ಪಿನಲ್ಲಿ ಧ್ವನಿತಂತುಗಳು ತೆಳುವಾಗಿ, ಒಂದಕ್ಕೊಂದು ಪೂರ್ತಿ ಕೂಡದೆ, ದನಿ ಕ್ಷೀಣಿಸುವುದುಂಟು. ಸದಾ ಕೂಗುವವರ ತಂತುಗಳ ಮೇಲೆ ಸಣ್ಣ ಗಂಟುಗಳೇಳುತ್ತವೆ. ಬೀಡಿ ಸಿಗರೇಟು ಸೇದುವವರಲ್ಲಿ ಅವು ಊದಿಕೊಳ್ಳುತ್ತವೆ. ಥೈರಾಯಿಡ್ ಗ್ರಂಥಿಯ ಜಡತೆ, ಪಾರ್ಕಿನ್‌ಸನ್ ರೋಗ, ಕ್ಷಯ, ಇವು ಕೂಡ ದನಿಯಲ್ಲಿ ತೋರಿಬರಬಹುದು. ಹೋಟೆಲು ಕಾರ್ಮಿಕರಿಗಂತೂ ಇನ್ನೊಂದು ಕಾರಣವಿದೆ. ಬಾಗಿಲು ಹಾಕಿದ ಮೇಲೆ ನಡುರಾತ್ರಿಯ ಹೊತ್ತಿಗೆ ಉಂಡು, ಕೈತೊಳೆದ ನೀರು ಆರುವ ಮೊದಲೇ ಮಲಗುವುದು ಅವರ ಪಾಲಿಗೆ ಬಂದ ಪದ್ಧತಿ. ಆಗ ಹೊಟ್ಟೆಯ ಹುಳಿರಸ ಮೇಲೇರಿ ಧ್ವನಿಪೆಟ್ಟಿಗೆಯನ್ನು ಕೆರಳಿಸಬಹುದು. ಎದೆಯುರಿ ಇಲ್ಲದವರಲ್ಲಿಯೂ ಹೀಗಾಗುವುದುಂಟು.

ಆದರೆ ಇದೇ ಒರಟು ದನಿ ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು. ನೋವಿಲ್ಲ, ಜ್ವರವಿಲ್ಲ, ಊಟಕ್ಕೆ ಅಡ್ಡಿಯಿಲ್ಲ. ದನಿ ಮಾತ್ರ ಬದಲಾಗಿರುತ್ತದೆ. ಧೂಮಪಾನಿಗಳಿಗೆ ಈ ರೋಗದ ಭಯ ಹೆಚ್ಚು, ಅದರೊಡನೆ ಮದ್ಯವೂ ಸೇರಿದರೆ ಇನ್ನೂ ಹೆಚ್ಚು. ಧ್ವನಿತಂತುವಿನ ಮೇಲೆಯೇ ಹುಟ್ಟುವ ಕ್ಯಾನ್ಸರು ತೀರ ಚಿಕ್ಕದಿರುವಾಗಲೇ ದನಿಯನ್ನು ಕೆಡಿಸಿ ತನ್ನ ಇರವನ್ನು ತಿಳಿಸಿಬಿಡುತ್ತದೆಂಬುದು ಒಂದು ದೃಷ್ಟಿಯಿಂದ ಅದೃಷ್ಟವೇ ಸರಿ. ಆ ಹಂತದಲ್ಲಿ ಕಿರಣ ಚಿಕಿತ್ಸೆಯಿಂದಲೋ ಲೇಸರ್ ಶಸ್ತ್ರಕ್ರಿಯೆಯಿಂದಲೋ ಬಹುಮಂದಿ ಗುಣ ಹೊಂದುತ್ತಾರೆ, ದನಿಯೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆದು, ಕತ್ತಿನ ರಂಧ್ರದಿಂದ ಉಸಿರಾಡುವ ಸ್ಥಿತಿ ಒದಗಬಹುದು. ಇನ್ನು, ಎಡಗಡೆಯ ತಂತುವನ್ನು ಆಡಿಸುವ ನರವು ಎದೆಯೊಳಕ್ಕಿಳಿದು, ಮಹಾಧಮನಿಯನ್ನು ಬಳಸಿಕೊಂಡು ಮತ್ತೆ ಗಂಟಲಿಗೆ ಏರುತ್ತದೆ. ಆದುದರಿಂದ ಶ್ವಾಸಕೋಶದ ಗಡ್ಡೆಯ ಸುದ್ದಿಯೂ ಕೆಲವೊಮ್ಮೆ ದನಿಯ ಮೂಲಕವೇ ಮೊದಲು ತಿಳಿಯುತ್ತದೆ.

ಜರ್ಮನಿಯ ಮೂರನೆಯ ಫ್ರೆಡರಿಕನ ದನಿ 1887ರ ಆರಂಭದಲ್ಲಿ ಒಡೆಯಿತು. ಅದು ಕ್ಯಾನ್ಸರು ಹೌದೋ ಅಲ್ಲವೋ ಎಂದು ವೈದ್ಯರು ವಾದಿಸುತ್ತಿದ್ದಂತೆ ಕಾಲ ಸರಿಯಿತು. 1888ರ ಮಾರ್ಚಿಯಲ್ಲಿ ಪಟ್ಟವೇರುವಾಗ ಆತನಿಗೆ ಮಾತೇ ಇರಲಿಲ್ಲ. 99 ದಿನ ಆಳಿ ತೀರಿಕೊಂಡನು. ಆ ಚಕ್ರವರ್ತಿಗೆ ದೊರೆಯದ ಅನುಕೂಲ ಇಂದು ನಮ್ಮ ಸಪ್ಲಾಯರಿಗೆ ದೊರೆಯುತ್ತದೆ. ಮೂಗಿನ ಮೂಲಕ ತೆಳ್ಳನೆಯ ನಳಿಗೆಯನ್ನಿಳಿಸಿ ಧ್ವನಿತಂತುಗಳನ್ನು ನೋಡುವ ಪರೀಕ್ಷೆ ಕೆಲವೇ ನಿಮಿಷಗಳದು. ಮೂರು ನಾಲ್ಕು ವಾರ ಕಳೆದರೂ ದನಿ ಸರಿಹೋಗದಿದ್ದರೆ ಸಾರ್ವಜನಿಕ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ, ಈ.ಎಸ್.ಐ. ಸೌಲಭ್ಯವುಳ್ಳವರು ಅದರ ಚಿಕಿತ್ಸಾಲಯಕ್ಕೆ ಹೋಗಬೇಕು. ನುಂಗಲು ಕಷ್ಟ, ಕಫದಲ್ಲಿ ರಕ್ತ, ಕತ್ತಿನಲ್ಲಿ ಗಡ್ಡೆ ಕಂಡರೆ ಅಷ್ಟು ದಿನವೂ ಕಾಯಬಾರದು. ಉಸಿರು ಕಟ್ಟಿದರೆ ಆ ಕ್ಷಣವೇ ಹೋಗಬೇಕು. ಮುಂಬಯಿಯ ಪರೇಲಿನಲ್ಲಿ 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆಯೂ, ಮದರಾಸಿನ ಅಡಯಾರಿನಲ್ಲಿ 1954ರಿಂದ ಕ್ಯಾನ್ಸರ್ ಸಂಸ್ಥೆಯೂ ಇವೆ.

ಅಡ್ಡಿಯಿರುವುದು ಬೇರೆಡೆ. ಹೊರರೋಗಿಗಳನ್ನು ನೋಡುವುದು ಸಾಮಾನ್ಯವಾಗಿ ಬೆಳಗಿನ ಹೊತ್ತು. ಹೋಟೆಲಿನಲ್ಲಿ ತಿಂಡಿಯ ನೂಕುನುಗ್ಗಲೂ ಅದೇ ಹೊತ್ತು. ರಜೆ ಕೇಳಿದರೆ ಸಂಬಳ ಹೋದೀತು, ಕೆಲಸವೇ ಹೋದೀತು ಎಂಬ ಅಂಜಿಕೆಯಿಂದ ಮನುಷ್ಯ ಸುಮ್ಮನಿರುತ್ತಾನೆ. ನಮ್ಮ ಹೋಟೆಲು ಮಾಲಕರಲ್ಲಿ ಅನೇಕರು ತಾವೇ ಒಂದು ಕಾಲಕ್ಕೆ ಲೋಟ ತೊಳೆದು ಮೇಲೆ ಬಂದವರು; ಈ ಅಂಜಿಕೆಯನ್ನು ಅವರಿಗೆ ವಿವರಿಸಬೇಕಾಗಿಲ್ಲ. ದನಿ ಒಡೆದ ಹಿರಿಯ ಕಾರ್ಮಿಕರಿಗೆ ಸಂಬಳ ಕಡಿಯದೆ ಅರ್ಧ ದಿನದ ಬಿಡುವನ್ನು ಅವರು ತಾವಾಗಿಯೇ ಕೊಡಬೇಕು. ಅದೂ ಆಗದಿದ್ದಲ್ಲಿ, ಬೆಳಗಿನ ಪಾಳಿಯವರನ್ನು ಒಂದು ದಿನದ ಮಟ್ಟಿಗೆ ಸಂಜೆಯ ಪಾಳಿಗೆ ಬದಲಾಯಿಸಿದರೂ ಸಾಕಾಗುತ್ತದೆ.