ಮಂಡೆಕೋಲು ಗಡಿಭಾಗದ ಕಾಡಾನೆ ಹಾವಳಿ ತಡೆಗೆ ಎರಡೂ ರಾಜ್ಯಗಳ ಜಂಟಿ ಯೋಜನೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು

ಮುಖಾಂತರ: ತಹಶೀಲ್ದಾರರು, ಸುಳ್ಯ ತಾಲೂಕು

ಇವರಿಂದ,
ಮಂಡೆಕೋಲು ಗ್ರಾಮದ ನಿವಾಸಿಗಳು ಮತ್ತು ಕೃಷಿಕರು,
ಸುಳ್ಯ ತಾಲೂಕು

ವಿಷಯ: ಕಾಡಾನೆಗಳಿಂದ ಜೀವ ಮತ್ತು ಕೃಷಿಗೆ ರಕ್ಷಣೆ, ಕೇರಳದೊಂದಿಗೆ ಜಂಟಿ ಕಾರ್ಯಯೋಜನೆ, ಪರಿಹಾರ ವಿತರಣೆಯ ಸರಳೀಕರಣ ಮತ್ತು ಸಂಬಂಧಿತ ಬೇಡಿಕೆಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ಮಂಡೆಕೋಲು ಗ್ರಾಮಸ್ಥರಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಗ್ರಾಮದ ಆನೆ ಸಮಸ್ಯೆಯನ್ನು ಇನ್ನು ಮುಂದೆ ಒಂದೊಂದು ರಾತ್ರಿಯ ತುರ್ತು ಕರೆಯಾಗಿ ನೋಡದೆ, ಕರ್ನಾಟಕ ಮತ್ತು ಕೇರಳದ ಅರಣ್ಯ ಇಲಾಖೆಗಳು ಒಟ್ಟಿಗೆ ಕುಳಿತು ಸಿದ್ಧಪಡಿಸಿದ ಒಂದೇ ಯೋಜನೆಯಡಿ ನಿಭಾಯಿಸಬೇಕು. ಆನೆಯನ್ನು ಗಡಿಯಾಚೆಗೆ ಓಡಿಸುವ ಕೆಲಸ ಎಷ್ಟು ಸಲ ನಡೆದರೂ ಅದು ಪರಿಹಾರವಾಗುವುದಿಲ್ಲ ಎಂಬುದು ನಮ್ಮ ಅನುಭವ. ಅದಕ್ಕೆ ಕಾರಣಗಳನ್ನೂ, ಆಗಬೇಕಾದ ಕೆಲಸಗಳನ್ನೂ ಕೆಳಗೆ ವಿವರಿಸಿದ್ದೇವೆ.

ಗ್ರಾಮದ ಪರಿಸ್ಥಿತಿ

ಮಂಡೆಕೋಲು ಸುಳ್ಯ ತಾಲೂಕಿನ ಗಡಿ ಗ್ರಾಮ. ಒಂದು ಬದಿಯಲ್ಲಿ ಅಜ್ಜಾವರ, ಜಾಲ್ಸೂರು, ಆಲೆಟ್ಟಿ ಗ್ರಾಮಗಳಿದ್ದರೆ ಇನ್ನೊಂದು ಬದಿಯಲ್ಲಿ ಕಾಸರಗೋಡು ಜಿಲ್ಲೆಯ ದೇಲಂಪಾಡಿ ಪಂಚಾಯತು ಇದೆ. ಕೊಡಗಿನ ಘಟ್ಟದಲ್ಲಿ ಹುಟ್ಟಿ ಸುಳ್ಯ ಪೇಟೆಯನ್ನು ಬಳಸಿ ಬರುವ ಪಯಸ್ವಿನಿ ಈ ಭಾಗದಲ್ಲಿ ಕೇರಳಕ್ಕೆ ಇಳಿದು, ಮುಂದೆ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಸಮುದ್ರ ಸೇರುತ್ತದೆ. 1956ರ ನವೆಂಬರ್ 1ರವರೆಗೆ ಈ ಪ್ರದೇಶವೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. ಇಂದಿಗೂ ಗಡಿಯಾಚೆ ನಮ್ಮವರದೇ ಮನೆಗಳಿವೆ, ಕೊಡುಕೊಳ್ಳುವಿಕೆ ಇದೆ, ಕನ್ನಡ ಮಾತಿದೆ. ಕಾಡು ಕೂಡ ಮುಂದುವರಿದ ಕಾಡೇ. ಪೂರ್ವದ ಕೊಡಗಿನ ಬೆಟ್ಟಗಳಿಂದ ಪಶ್ಚಿಮದಲ್ಲಿ ಕಾಸರಗೋಡಿನ ಕಾರಡ್ಕ ಕಾಡಿನವರೆಗೆ ಓಡಾಡುವ ಆನೆಗಳಿಗೆ ನಮ್ಮ ಗ್ರಾಮ ದಾರಿಯೂ ಹೌದು, ದಾರಿ ನಡುವಿನ ಊಟದ ಜಾಗವೂ ಹೌದು.

ಬೇಸಿಗೆಯಲ್ಲಿ ಹೊಳೆಯ ನೀರು ಇಳಿದಾಗ ಆನೆಗಳು ಸುಲಭವಾಗಿ ದಾಟುತ್ತವೆ. ಹಲಸು ಬಲಿಯುವ ಕಾಲದಲ್ಲಿ ಅಂಗಳದವರೆಗೆ ಬರುತ್ತವೆ. ಬಾಳೆ ಮತ್ತು ಬೈನೆ ಮರ ಅವುಗಳಿಗೆ ಬಲು ಇಷ್ಟ. ಅವನ್ನು ಹುಡುಕಿಕೊಂಡು ಬಂದ ಆನೆ ಅಡಿಕೆ ತೋಟವನ್ನು ತುಳಿದುಕೊಂಡೇ ಹೋಗುತ್ತದೆ, ಎಳೆಯ ಅಡಿಕೆ ಗಿಡದ ತಿರುಳಿಗೂ ತೆಂಗಿನ ಸಸಿಯ ಸುಳಿಗೂ ಬಾಯಿ ಹಾಕುತ್ತದೆ.

ನಷ್ಟದ ಸ್ವರೂಪ

ಅಡಿಕೆ ಗಿಡ ನೆಟ್ಟು ಫಸಲು ಕೈಗೆ ಬರಲು ಐದಾರು ವರ್ಷ ಬೇಕು. ಆಮೇಲೆ ಅದು ದಶಕಗಳ ಕಾಲ ಮನೆ ನಡೆಸುತ್ತದೆ. ಆದ್ದರಿಂದ ಒಂದು ರಾತ್ರಿ ಒಂದು ಸಾಲು ಮರ ಉರುಳಿದರೆ ಹೋಗುವುದು ಆ ವರ್ಷದ ಬೆಳೆ ಮಾತ್ರವಲ್ಲ, ಮುಂದಿನ ಹಲವು ವರ್ಷಗಳ ಆದಾಯ. ನೀರಾವರಿ ಪೈಪು, ಸ್ಪ್ರಿಂಕ್ಲರ್, ತಡೆಗೋಡೆ, ಹಟ್ಟಿಯ ಮಾಡು, ಇವುಗಳ ಲೆಕ್ಕ ಬೇರೆ. ಸುಳ್ಯದ ಹಲವು ಗ್ರಾಮಗಳ ಅಡಿಕೆ ಈಗಾಗಲೇ ಹಳದಿ ಎಲೆ ರೋಗ ಮತ್ತು ಎಲೆಚುಕ್ಕಿ ರೋಗಗಳಿಂದ ಸೊರಗಿದೆ. ರೋಗಕ್ಕೆ ಹೆದರಿ ಹೊಸದಾಗಿ ಬಾಳೆ, ತೆಂಗು ಹಾಕಿದವರ ತೋಟಕ್ಕೇ ಆನೆ ಮೊದಲು ಬರುತ್ತದೆ. ಹಂದಿ, ಮಂಗ, ಕಾಡುಕೋಣಗಳ ಕಾಟವೂ ಇದರ ಜೊತೆಗಿದೆ.

ಜೀವಭಯ ಇದಕ್ಕಿಂತ ದೊಡ್ಡದು. ರಬ್ಬರ್ ಟ್ಯಾಪಿಂಗ್ ಮಾಡುವವರು ನಸುಕಿಗೂ ಮೊದಲು ತಲೆದೀಪ ಕಟ್ಟಿಕೊಂಡು ತೋಟಕ್ಕಿಳಿಯಬೇಕು. ಹಾಲು ಹಾಕುವವರು ಬೆಳಕು ಹರಿಯುವಾಗಲೇ ಡೇರಿಗೆ ಹೋಗಬೇಕು. ಶಾಲಾ ಮಕ್ಕಳು ಕಾಡಂಚಿನ ರಸ್ತೆಯಲ್ಲಿ ನಡೆದು ಬಸ್ಸು ಹಿಡಿಯಬೇಕು. 2023ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳಗ್ಗೆ ಹಾಲಿನ ಸೊಸೈಟಿಗೆ ಹೊರಟಿದ್ದ ಯುವತಿಯನ್ನೂ, ಆಕೆಯನ್ನು ಉಳಿಸಲು ಧಾವಿಸಿದ ಒಬ್ಬರನ್ನೂ ಕಾಡಾನೆ ಕೊಂದಿತು. ಆ ಬಳಿಕ ಸಾಕಾನೆಗಳನ್ನು ತರಿಸಿ ಕಾರ್ಯಾಚರಣೆ ನಡೆಯಿತು. ಎರಡು ಜೀವ ಹೋದ ಮೇಲೆ ಸಿಕ್ಕ ಆ ವೇಗವನ್ನು ಜೀವ ಹೋಗುವ ಮೊದಲೇ ತೋರಿಸಿ ಎಂಬುದಷ್ಟೇ ನಮ್ಮ ಕೋರಿಕೆ.

ನಾವು ಆನೆಯ ವಿರೋಧಿಗಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದೆಂದು ನಮಗೆ ಗೊತ್ತು. 2023ರ ಏಪ್ರಿಲ್‌ನಲ್ಲಿ ನೆರೆಯ ಅಜ್ಜಾವರದ ತುದಿಯಡ್ಕದಲ್ಲಿ ಮರಿಗಳೂ ಸೇರಿ ನಾಲ್ಕು ಆನೆಗಳು ತೋಟದ ಕೆರೆಗೆ ಬಿದ್ದಾಗ ಅರಣ್ಯ ಸಿಬ್ಬಂದಿಯ ಜೊತೆ ಕೈಜೋಡಿಸಿ, ದಂಡೆ ಕಡಿದು ಅವುಗಳಿಗೆ ಮೇಲೇರಲು ದಾರಿ ಮಾಡಿಕೊಟ್ಟವರು ಈ ಭಾಗದ ಕೃಷಿಕರೇ. ಬೇಲಿಗೆ ನೇರ ವಿದ್ಯುತ್ ಹರಿಸುವಂಥ ಕಾನೂನುಬಾಹಿರ ಕೆಲಸವನ್ನು ನಾವು ಒಪ್ಪುವುದಿಲ್ಲ, ಊರಿನಲ್ಲಿ ಯಾರೂ ಮಾಡದಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರುತ್ತೇವೆ.

ಓಡಿಸುವುದರಿಂದ ಏಕೆ ಮುಗಿಯುವುದಿಲ್ಲ

ಆನೆ ಬಂದ ಸುದ್ದಿ ತಿಳಿದರೆ ಅರಣ್ಯ ಸಿಬ್ಬಂದಿ ಬರುತ್ತಾರೆ, ಊರವರು ಸೇರುತ್ತಾರೆ, ಗರ್ನಾಲು ಸಿಡಿಸಿ ಹಿಂಡನ್ನು ಕಾಡಿಗೆ ಅಟ್ಟುತ್ತಾರೆ. ಕತ್ತಲಲ್ಲಿ, ಇಳಿಜಾರಿನಲ್ಲಿ, ಕಡಿಮೆ ಜನ ಇಟ್ಟುಕೊಂಡು ಈ ಕೆಲಸ ಮಾಡುವ ಸಿಬ್ಬಂದಿಯ ಬಗ್ಗೆ ನಮಗೆ ಗೌರವವಿದೆ. ಆದರೆ ಇಲ್ಲಿಂದ ಅಟ್ಟಿದ ಹಿಂಡು ದೇಲಂಪಾಡಿಯ ತೋಟಕ್ಕೆ ಹೋದರೆ ಅಲ್ಲಿಯವರು ಅದನ್ನು ಇತ್ತ ಅಟ್ಟುತ್ತಾರೆ. ಗಡಿ ದಾಟಿಸಿದ ಕೂಡಲೇ ಒಂದು ಇಲಾಖೆಯ ಕೆಲಸ ಮುಗಿದಂತೆ, ಇನ್ನೊಂದು ಇಲಾಖೆಯ ಕೆಲಸ ಶುರುವಾದಂತೆ. ನಡುವೆ ಗದ್ದಲಕ್ಕೆ ಬೆದರಿದ ಆನೆ ಮೊದಲಿಗಿಂತ ಹೆಚ್ಚು ಹಾನಿ ಮಾಡುತ್ತದೆ.

ಗಡಿಯಾಚೆ ಈ ವಿಷಯದಲ್ಲಿ ದೊಡ್ಡ ಕೆಲಸವೊಂದು ನಡೆದಿದೆ. ಕಾರಡ್ಕ ಬ್ಲಾಕ್ ಪಂಚಾಯತು ತನ್ನ ವ್ಯಾಪ್ತಿಯ ಗ್ರಾಮ ಪಂಚಾಯತುಗಳನ್ನೂ ಕೇರಳ ಅರಣ್ಯ ಇಲಾಖೆಯನ್ನೂ ಕೂಡಿಸಿಕೊಂಡು, ದೇಲಂಪಾಡಿಯ ತಲ್ಪಚ್ಚೇರಿಯಿಂದ ಸುಮಾರು 29 ಕಿ.ಮೀ. ಉದ್ದಕ್ಕೆ ಸೌರಶಕ್ತಿಯ ತೂಗುಬೇಲಿಯ ಯೋಜನೆ ಕೈಗೆತ್ತಿಕೊಂಡಿತು. ಸ್ಥಳೀಯ ಸಂಸ್ಥೆಗಳೇ ಮುಂದೆ ನಿಂತರೆ ಏನಾಗಬಹುದು ಎನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ. ಆದರೆ ಒಂದು ಬದಿಗೆ ಮಾತ್ರ ಬೇಲಿ ಇದ್ದರೆ ಆನೆ ಬೇಲಿ ಇಲ್ಲದ ಬದಿಯಲ್ಲಿ ಉಳಿಯುತ್ತದೆ. ಬೇಲಿ ಇಲ್ಲದ ಬದಿ ನಮ್ಮದು. ಹಾಗೆಂದು ನಾವೂ ಗಡಿಗುಂಟ ಬೇಲಿ ಎಳೆದುಬಿಟ್ಟರೆ ಹಿಂಡುಗಳು ನಡುವೆ ಸಿಕ್ಕಿಕೊಂಡು ಅಜ್ಜಾವರಕ್ಕೋ ಆಲೆಟ್ಟಿಗೋ ನುಗ್ಗುತ್ತವೆ. ಎಲ್ಲಿ ಬೇಲಿ, ಎಲ್ಲಿ ದಾರಿ ಎಂಬುದನ್ನು ಎರಡೂ ಕಡೆಯವರು ಒಂದೇ ನಕ್ಷೆಯ ಮೇಲೆ ನಿರ್ಧರಿಸದೆ ಗತ್ಯಂತರವಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 2024ರ ಮಾರ್ಚ್ 10ರಂದು ಬಂಡೀಪುರದಲ್ಲಿ ಕರ್ನಾಟಕ ಮತ್ತು ಕೇರಳ ರಾಜ್ಯಗಳು ಮಾನವ–ವನ್ಯಜೀವಿ ಸಂಘರ್ಷ ನಿರ್ವಹಣೆಗಾಗಿ ಅಂತರರಾಜ್ಯ ಸಮನ್ವಯ ಒಪ್ಪಂದ ಮಾಡಿಕೊಂಡಿವೆ. ಮಾಹಿತಿ ವಿನಿಮಯ, ನೋಡಲ್ ಅಧಿಕಾರಿಗಳ ನೇಮಕ, ಜಂಟಿ ಕಾರ್ಯಾಚರಣೆ ಎಲ್ಲವೂ ಆ ಚೌಕಟ್ಟಿನಲ್ಲಿವೆ. ವಯನಾಡು–ಬಂಡೀಪುರ ಭಾಗದ ಸಾವುಗಳ ಹಿನ್ನೆಲೆಯಲ್ಲಿ ಮೂಡಿದ ಆ ವ್ಯವಸ್ಥೆ ಸುಳ್ಯ–ಕಾಸರಗೋಡು ಗಡಿಗೂ ಅಷ್ಟೇ ಅಗತ್ಯ.

ನಮ್ಮ ಬೇಡಿಕೆಗಳು

1. ಜಂಟಿ ಸಭೆ ಮತ್ತು ಸಮೀಕ್ಷೆ: ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲಾಡಳಿತ, ಎರಡೂ ಕಡೆಯ ಅರಣ್ಯ ಅಧಿಕಾರಿಗಳು ಹಾಗೂ ಗಡಿ ಗ್ರಾಮ ಪಂಚಾಯತುಗಳ ಪ್ರತಿನಿಧಿಗಳ ಸಭೆಯನ್ನು ತಾವು ಕರೆಯಬೇಕು. ಆನೆಗಳು ಹೊಳೆ ದಾಟುವ ಜಾಗ, ತಂಗುವ ಕಾಡು, ಬರುವ ಹೋಗುವ ದಾರಿಗಳ ಜಂಟಿ ಸಮೀಕ್ಷೆ ನಡೆಸಿ ನಕ್ಷೆ ಸಿದ್ಧಪಡಿಸಬೇಕು. ಪರಸ್ಪರ ಮಾಹಿತಿ ನೀಡದೆ ಯಾವ ಕಡೆಯವರೂ ಹಿಂಡನ್ನು ಗಡಿಯತ್ತ ಅಟ್ಟಬಾರದು.

2. ತೂಗುಬೇಲಿ: ಸಮೀಕ್ಷೆ ಸೂಚಿಸುವ ಕಡೆಗಳಲ್ಲಿ ಸೌರ ತೂಗುಬೇಲಿಗೆ ಅನುದಾನ ಒದಗಿಸಬೇಕು. ಭಾರಿ ಮಳೆ ಸುರಿಯುವ ಈ ಸೀಮೆಯಲ್ಲಿ ಕಂದಕದ ಅಂಚು ಕುಸಿದು ಮಣ್ಣು ತುಂಬುತ್ತದೆ. ಕಂದಕವೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಬೇಲಿಗೂ ಬಳ್ಳಿ ಹಬ್ಬುತ್ತದೆ, ಬ್ಯಾಟರಿ ಸೊರಗುತ್ತದೆ. ಆದ್ದರಿಂದ ಅಳವಡಿಕೆಯ ಜೊತೆಯಲ್ಲೇ ನಿರ್ವಹಣೆಯ ಹಣವನ್ನೂ ಮೀಸಲಿಟ್ಟು, ಸ್ಥಳೀಯ ಯುವಕರನ್ನು ವೇತನದ ಮೇಲೆ ಬೇಲಿ ಕಾವಲಿಗೆ ನೇಮಿಸಬೇಕು.

3. ಕಾಯಂ ತಂಡ ಮತ್ತು ಮುನ್ನೆಚ್ಚರಿಕೆ: ವಾಹನ, ದೀಪ, ಸುರಕ್ಷತಾ ಸಾಮಗ್ರಿ ಇರುವ ಆನೆ ನಿಗಾ ತಂಡವೊಂದು ಮಂಡೆಕೋಲು–ಅಜ್ಜಾವರ ಭಾಗದಲ್ಲೇ ನೆಲೆಯಾಗಿರಬೇಕು. ಹಾಸನ ಜಿಲ್ಲೆಯಲ್ಲಿ ಹಿಂಡಿನ ಆನೆಗೆ ರೇಡಿಯೊ ಕಾಲರ್ ತೊಡಿಸಿ, ಅದರ ಚಲನವಲನವನ್ನು ಜನರ ಮೊಬೈಲಿಗೆ ತಿಳಿಸುವ ಕ್ರಮ ನಡೆದಿದೆ. ಅದನ್ನು ಇಲ್ಲಿಗೂ ತರಬೇಕು. ಸಂದೇಶಗಳು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇರಲಿ. ಮೊಬೈಲ್ ಸಿಗ್ನಲ್ ಸಿಗದ ಪ್ರದೇಶಗಳನ್ನು ಗುರುತಿಸಿ ಟವರ್ ಒದಗಿಸದಿದ್ದರೆ ಈ ವ್ಯವಸ್ಥೆ ಕಾಗದದಲ್ಲೇ ಉಳಿಯುತ್ತದೆ.

4. ಪರಿಹಾರ: 2022ರ ಕೊನೆಯಲ್ಲಿ ರಾಜ್ಯ ಸರ್ಕಾರ ವನ್ಯಪ್ರಾಣಿಗಳಿಂದಾದ ಬೆಳೆಹಾನಿಯ ಪರಿಹಾರ ಧನವನ್ನು ದುಪ್ಪಟ್ಟು ಮಾಡಿದ್ದನ್ನು ಸ್ವಾಗತಿಸುತ್ತೇವೆ. ಆದರೆ ಫಲ ಕೊಡುವ ಅಡಿಕೆ ಮರದ ಉಳಿದ ಆಯುಸ್ಸನ್ನು ಲೆಕ್ಕ ಹಿಡಿದು ದರ ನಿಗದಿಯಾಗಬೇಕು. ನೀರಾವರಿ ಸಾಮಗ್ರಿಗಳ ನಷ್ಟವನ್ನೂ ಸೇರಿಸಬೇಕು. ಪಹಣಿ ಅಜ್ಜನ ಹೆಸರಿನಲ್ಲೋ ಜಂಟಿ ಹೆಸರಿನಲ್ಲೋ ಇರುವಲ್ಲಿ ಸಾಗುವಳಿ ಮಾಡುವವರ ಘೋಷಣೆ ಮತ್ತು ಗ್ರಾಮ ಆಡಳಿತ ಅಧಿಕಾರಿಯ ದೃಢೀಕರಣದ ಮೇಲೆ ಪರಿಹಾರ ನೀಡಬೇಕು.

5. ಕುಮ್ಕಿ ಜಮೀನು: ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 79ನೇ ಕಲಂ, ಸ್ವಂತ ಹಿಡುವಳಿಗೆ ಹೊಂದಿಕೊಂಡ ಸರ್ಕಾರಿ ಜಮೀನಿನ ಮೇಲಿನ ಕುಮ್ಕಿ ಸವಲತ್ತನ್ನು ಮಾನ್ಯ ಮಾಡಿದೆ. ತಲೆಮಾರುಗಳಿಂದ ಕುಮ್ಕಿಯಲ್ಲಿ ಬೆಳೆದ ತೋಟಕ್ಕೆ ಪಹಣಿ ಇಲ್ಲದ ಕಾರಣ ಪರಿಹಾರ ತಪ್ಪಬಾರದು. ಕಾಡಿಗೆ ಹೊಂದಿಕೊಂಡಿರುವುದು ಹೆಚ್ಚಾಗಿ ಈ ಜಮೀನುಗಳೇ ಆದ್ದರಿಂದ ಮೊದಲ ಹಾನಿಯೂ ಅಲ್ಲೇ ಆಗುತ್ತದೆ.

6. ಬೆಳೆ ವಿಮೆ: ವನ್ಯಪ್ರಾಣಿಗಳಿಂದಾಗುವ ಹಾನಿಯನ್ನು ಫಸಲ್ ಬಿಮಾ ಯೋಜನೆಯಡಿ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವ ತೀರ್ಮಾನವನ್ನು ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. 2026ರ ಮುಂಗಾರಿನಿಂದ ಅನ್ವಯವಾಗುವ ಈ ಸೌಲಭ್ಯಕ್ಕೆ ಪ್ರಾಣಿಗಳನ್ನೂ ಪ್ರದೇಶಗಳನ್ನೂ ಗುರುತಿಸುವುದು ರಾಜ್ಯದ ಹೊಣೆ. ಆ ಪಟ್ಟಿಯಲ್ಲಿ ಸುಳ್ಯ ತಾಲೂಕು ಇರುವಂತೆ ತಾವು ಶಿಫಾರಸು ಮಾಡಬೇಕು. ನಮ್ಮ ಅಡಿಕೆ, ಕಾಳುಮೆಣಸು ಇರುವುದು ಹವಾಮಾನ ಆಧಾರಿತ ವಿಮೆಯಲ್ಲಿ. ಅದು ಮಳೆ, ತಾಪಮಾನ ಅಳೆಯುತ್ತದೆಯೇ ಹೊರತು ಆನೆ ತುಳಿದದ್ದನ್ನಲ್ಲ. ತೋಟದ ಬೆಳೆಗಳಿಗೂ ಈ ರಕ್ಷಣೆ ವಿಸ್ತರಿಸದಿದ್ದರೆ ಘೋಷಣೆಯಿಂದ ನಮಗೆ ಪ್ರಯೋಜನವಿಲ್ಲ.

7. ಹಗಲು ವಿದ್ಯುತ್: ಪಂಪಿಗೆ ತ್ರೀ ಫೇಸ್ ವಿದ್ಯುತ್ ರಾತ್ರಿ ಬಂದರೆ ಕೃಷಿಕ ರಾತ್ರಿಯೇ ತೋಟಕ್ಕಿಳಿಯಬೇಕು, ಆನೆಯೂ ಅದೇ ಹೊತ್ತಿಗೆ ಬರುತ್ತದೆ. ಕಾಡಂಚಿನ ಫೀಡರ್‌ಗಳಿಗೆ ಬೇಸಿಗೆಯಲ್ಲಿ ಹಗಲು ಹೊತ್ತೇ ವಿದ್ಯುತ್ ನೀಡುವಂತೆ ಮೆಸ್ಕಾಂಗೆ ಸೂಚಿಸಬೇಕು. ಶಾಲೆ, ಬಸ್ ತಂಗುದಾಣ ಮತ್ತು ಹಾಲಿನ ಡೇರಿಯ ರಸ್ತೆಗಳಿಗೆ ಸೌರದೀಪ ಹಾಕಿಸಬೇಕು.

8. ಕೋವಿ ಠೇವಣಿ: ಚುನಾವಣೆ ಘೋಷಣೆಯಾದಾಗಲೆಲ್ಲ ಬೆಳೆರಕ್ಷಣೆಯ ಪರವಾನಗಿ ಕೋವಿಗಳನ್ನು ಠಾಣೆಯಲ್ಲಿ ಇಡಬೇಕಾಗುತ್ತದೆ. ಹಂದಿ, ಮಂಗಗಳಿಗೆ ಆ ತಿಂಗಳುಗಳು ಹಬ್ಬ. ಕೋವಿ ಠೇವಣಿಯ ಬಗೆಗಿನ ಪರಿಶೀಲನಾ ಸಮಿತಿ ಪ್ರತಿ ಪ್ರಕರಣವನ್ನು ಬೇರೆಯಾಗಿ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಮಾರ್ಗಸೂಚಿಯಲ್ಲೇ ಇದೆ. ಅಪರಾಧ ಹಿನ್ನೆಲೆ ಇಲ್ಲದ ಕೃಷಿಕರಿಗೆ ವಿನಾಯಿತಿ ನೀಡಬೇಕು.

9. ಕಾಡಿನ ಮೇವು: ಬೆಳೆದ ಆನೆಗೆ ದಿನಕ್ಕೆ 150 ಕಿಲೋ ಆಸುಪಾಸು ಮೇವು ಬೇಕು. ಅಕೇಶಿಯ ಮತ್ತು ರಬ್ಬರ್ ನೆಡುತೋಪಿನಲ್ಲಿ ಅದಕ್ಕೆ ತಿನ್ನಲು ಹೆಚ್ಚೇನೂ ಸಿಗುವುದಿಲ್ಲ. ಮೀಸಲು ಅರಣ್ಯದೊಳಗೆ ಬಿದಿರು, ಬೈನೆ, ಹಲಸು ಬೆಳೆಸಿ, ಬೇಸಿಗೆಯಲ್ಲಿ ನೀರು ನಿಲ್ಲುವ ಹೊಂಡಗಳನ್ನು ತೋಡಿಸುವ ಐದು ವರ್ಷಗಳ ಕಾರ್ಯಕ್ರಮ ರೂಪಿಸಬೇಕು.

ಕಾಲಮಿತಿ

ಈ ಬೇಡಿಕೆಗಳೆಲ್ಲ ಒಂದೇ ದಿನ ಈಡೇರುವಂಥವಲ್ಲ ಎಂಬುದು ನಮಗೂ ಗೊತ್ತು. ಆದರೆ ಮೊದಲನೆಯ, ಏಳನೆಯ ಮತ್ತು ಎಂಟನೆಯ ಬೇಡಿಕೆಗಳಿಗೆ ಹಣಕ್ಕಿಂತ ಆದೇಶ ಮುಖ್ಯ. ಜಂಟಿ ಸಭೆಯ ದಿನಾಂಕವನ್ನು ಒಂದು ತಿಂಗಳೊಳಗೆ ನಿಗದಿಪಡಿಸಿ, ಸಮೀಕ್ಷೆಯನ್ನು ಹೊಳೆ ಬತ್ತುವ ಮೊದಲೇ ಮುಗಿಸಬೇಕು. ತೆಗೆದುಕೊಂಡ ಕ್ರಮದ ವರದಿಯನ್ನು ಮಂಡೆಕೋಲು ಗ್ರಾಮಸಭೆಯಲ್ಲಿ ಮಂಡಿಸಬೇಕು. ಸಮೀಕ್ಷಾ ತಂಡಕ್ಕೆ ದಾರಿ ತೋರಿಸಲು, ಆನೆ ಬಂದು ಹೋದ ವಿವರ ದಾಖಲಿಸಲು, ಬೇಲಿ ಹಾದುಹೋಗುವಲ್ಲಿ ಜಾಗ ಬಿಟ್ಟುಕೊಡಲು ಗ್ರಾಮಸ್ಥರು ಸಿದ್ಧರಿದ್ದೇವೆ.

ಮಾಜಿ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರು ಹುಟ್ಟಿದ ಊರೆಂದು ಮಂಡೆಕೋಲಿನ ಹೆಸರು ನಾಡಿಗೆ ತಿಳಿದಿದೆ. ಆ ಹೆಸರಿನ ಬಲದಿಂದ ವಿಶೇಷ ಸವಲತ್ತು ಕೇಳಲು ನಾವು ಬಂದಿಲ್ಲ. ಗಡಿಯಲ್ಲಿರುವ ಯಾವ ಗ್ರಾಮಕ್ಕೂ ಸಿಗಬೇಕಾದ ರಕ್ಷಣೆಯನ್ನಷ್ಟೇ ಕೇಳುತ್ತಿದ್ದೇವೆ. ತಾವು ಸ್ವತಃ ಒಮ್ಮೆ ಗ್ರಾಮಕ್ಕೆ ಭೇಟಿ ನೀಡಿ, ಹಾನಿಗೊಂಡ ತೋಟಗಳನ್ನು ಕಂಡು, ಈ ಮನವಿಯ ಮೇಲೆ ಲಿಖಿತ ಆದೇಶ ಹೊರಡಿಸಬೇಕೆಂದು ವಿನಮ್ರವಾಗಿ ಒತ್ತಾಯಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಮಂಡೆಕೋಲು ಗ್ರಾಮದ ನಿವಾಸಿಗಳು ಮತ್ತು ಕೃಷಿಕರು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿಗಳು:
ಉಪ ಅರಣ್ಯ ಸಂರಕ್ಷಣಾಧಿಕಾರಿಗಳು, ಮಂಗಳೂರು ವಿಭಾಗ
ಸಹಾಯಕ ಆಯುಕ್ತರು, ಪುತ್ತೂರು ಉಪವಿಭಾಗ
ವಲಯ ಅರಣ್ಯಾಧಿಕಾರಿಗಳು, ಸುಳ್ಯ
ಮಾನ್ಯ ಸಂಸದರು, ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರ
ಮಾನ್ಯ ಶಾಸಕರು, ಸುಳ್ಯ ವಿಧಾನಸಭಾ ಕ್ಷೇತ್ರ
ಮಂಡೆಕೋಲು ಗ್ರಾಮ ಪಂಚಾಯತು, ಮುಂದಿನ ಗ್ರಾಮಸಭೆಯಲ್ಲಿ ಮಂಡಿಸುವ ಸಲುವಾಗಿ